ಕಿರ್ದಿ ಪುಸ್ತಕವೂ ವ್ಯಾಪಾರದ ವಿವೇಕವೂ

ಶಾಲೆಯನ್ನು ಬಿಟ್ಟು ಬಹುಕಾಲವಾದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಅಂಕಗಣಿತವೆಂದೊಡನೆ ಇಂದಿಗೂ ಎದೆ ಹಾರುವುದುಂಟು. ಎರಡು ನಳಗಳು ಒಂದು ತೊಟ್ಟಿಯನ್ನು ಎಷ್ಟು ಹೊತ್ತಿನಲ್ಲಿ ತುಂಬುವುವೆಂಬ ಲೆಕ್ಕವನ್ನು ಬಿಡಿಸಿದ್ದರಿಂದ ಬಾಳಿನಲ್ಲಿ ಆದ ಪ್ರಯೋಜನವೇನೆಂದು ಕೇಳುವ ಪಾಲಕರೂ ಇದ್ದಾರೆ. ಅಂತಹ ಸಹೋದರಿಯರಿಗೂ ಪಾಲಕರಿಗೂ, ಬರೆದಿಟ್ಟ ಅಂಕೆಗಳು ಒಂದು ಸಣ್ಣ ವ್ಯಾಪಾರಕ್ಕೆ ಹೇಗೆ ದಾರಿ ತೋರಿಸುವುವೆಂಬುದನ್ನು ವಿವರಿಸುವುದೇ ಈ ಪಾಠದ ಉದ್ದೇಶ.

ವ್ಯಾಪಾರವೆಂದರೆ ದಿನವೂ ನಿರ್ಧಾರಗಳ ಸರಣಿ. ಎಷ್ಟು ಮಾಲು ತರಬೇಕು? ಯಾವ ಧಾರಣೆಗೆ ಮಾರಬೇಕು? ಯಾರಿಗೆ ಉದ್ರಿ ಕೊಡಬೇಕು? ಸಾಲ ತೆಗೆಯುವುದು ಲೇಸೋ, ತೆಗೆಯದಿರುವುದು ಲೇಸೋ? ಇವುಗಳನ್ನು ನಾವು ಸಾಮಾನ್ಯವಾಗಿ ರೂಢಿಯಿಂದಲೋ ಅಂದಾಜಿನಿಂದಲೋ ಇತ್ಯರ್ಥ ಮಾಡುತ್ತೇವೆ. ಅನುಭವಕ್ಕೆ ಬೆಲೆಯಿಲ್ಲವೆಂದಲ್ಲ. ಆದರೆ ಮನಸ್ಸು ಭರ್ಜರಿ ಮಾರಾಟದ ಒಂದು ದಿನವನ್ನು ನೆನಪಿನಲ್ಲಿಟ್ಟು, ಮಂದವಾದ ಆರು ದಿನಗಳನ್ನು ಮರೆತುಬಿಡುತ್ತದೆ. ಕಿರ್ದಿಯಾದರೋ ಎಲ್ಲ ದಿನಗಳನ್ನೂ ಸಮನಾಗಿ ನೆನಪಿಡುತ್ತದೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಹಿರಿಯ ನಿದರ್ಶನವಿದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. 1904ರ ಕಾಯಿದೆಯ ಮೇರೆಗೆ ಭಾರತದಲ್ಲಿ ಹುಟ್ಟಿದ ಮೊದಲ ಸಂಘವೆಂದು ಅದು ಪ್ರಸಿದ್ಧವಾಗಿದೆ. ಆ ಕಾಯಿದೆಯ ಸಾಮಾನ್ಯ ನಿಯಮದಂತೆ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಅಂದರೆ ಒಬ್ಬನು ಮುಳುಗಿದರೆ ಅವನ ಸಾಲದ ಭಾರವು ಉಳಿದವರ ಹೊಲ-ಮನೆಗಳ ವರೆಗೂ ಬರಬಹುದಾಗಿತ್ತು. ಹೀಗಿರಲು ಸಾಲ ಕೇಳುವವನ ಭೂಮಿಯೆಷ್ಟು, ಹಿಂದಿನ ಸಾಲವೆಷ್ಟು, ಕಂತು ತಪ್ಪಿದೆಯೇ ಎಂಬುದನ್ನು ತಿಳಿಯದೆ ಹಣ ಕೊಡುವುದು ಎಲ್ಲರಿಗೂ ಅಪಾಯಕರವಾಗಿತ್ತು. ವರ್ಷಕ್ಕೊಮ್ಮೆ ಸಂಘದ ಲೆಕ್ಕಗಳ ತಪಾಸಣೆಯಾಗತಕ್ಕದ್ದೆಂದೂ ಕಾಯಿದೆಯು ವಿಧಿಸಿತ್ತು. ನೆರೆಹೊರೆಯವರ ಪರಸ್ಪರ ನಂಬಿಕೆಗೆ ಲೆಕ್ಕದ ಪುಸ್ತಕವು ಊರುಗೋಲಾಯಿತು.

ಇನ್ನು ಇಂದಿನ ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಲ್ಲಿ ಐವರು ಹೆಂಗಸರು ಕೂಡಿ ಜೋಳದ ರೊಟ್ಟಿ ಬಡಿದು ಮಾರುತ್ತಾರೆಂದು ಭಾವಿಸಿರಿ. ಅವರು ದಿನಕ್ಕೆ 200 ರೊಟ್ಟಿ ಮಾಡುತ್ತಾರೆ. ಸಂತೆಯ ದಿನ ರೊಟ್ಟಿ ಸಾಲದೆ ಗಿರಾಕಿಗಳು ಮರಳಿಹೋಗುತ್ತಾರೆ. ಇದನ್ನು ಕಂಡು ಒಬ್ಬಾಕೆಯು, “ರೊಟ್ಟಿ ಮಾಡುವ ಯಂತ್ರವನ್ನು ಕೊಳ್ಳೋಣ, ಬೇಕಾದರೆ ನನ್ನ ಕೊರಳಿನ ಬಂಗಾರವನ್ನು ಒತ್ತೆಯಿಡುತ್ತೇನೆ” ಎನ್ನುತ್ತಾಳೆ. ಇನ್ನೊಬ್ಬಾಕೆಯು, “ವಾರವಿಡೀ ರೊಟ್ಟಿ ಉಳಿಯುತ್ತಿರುವಾಗ ಯಂತ್ರವೇತಕ್ಕೆ ಅಕ್ಕಾ? ಇನ್ನೂ ಕಡಿಮೆ ಬಡಿಯೋಣ” ಎನ್ನುತ್ತಾಳೆ. ಇಬ್ಬರೂ ಕಣ್ಣಾರೆ ಕಂಡುದನ್ನೇ ಹೇಳುತ್ತಿದ್ದಾರೆ. ಆದರೂ ಬಂಗಾರದ ಮಾತು ಬಂದಿರುವುದರಿಂದ ತಪ್ಪಿ ನಡೆಯುವಂತಿಲ್ಲ.

ಅವರು ಕಿರ್ದಿಯನ್ನು ತೆರೆಯುತ್ತಾರೆ. ವಾರದಲ್ಲಿ ಮಾಡಿದ ರೊಟ್ಟಿ 1,400, ಮಾರಿದ್ದು 1,160, ಉಳಿದದ್ದು 240. ಏಳು ದಿನಗಳಿಗೆ ಹಂಚಿದರೆ ದಿನದ ಸರಾಸರಿ ಮಾರಾಟ ಸುಮಾರು 166. ಈ ಒಂದೇ ಅಂಕೆಯನ್ನು ನಂಬಿ ದಿನವೂ 166 ರೊಟ್ಟಿ ಬಡಿದರೆ, ಸಂತೆಯ ದಿನ ಇನ್ನಷ್ಟು ಗಿರಾಕಿಗಳು ಬರಿಗೈಯಲ್ಲಿ ಹೋಗುವರು. ಆದುದರಿಂದ ದಿನಗಳನ್ನು ಬಿಡಿಸಿ ನೋಡಬೇಕು. ಆರು ದಿನಗಳಲ್ಲಿ ದಿನಕ್ಕೆ 160ರಂತೆ 960. ಸಂತೆಯ ಒಂದು ದಿನ 200.

ಇಲ್ಲಿ ಒಂದು ಸೂಕ್ಷ್ಮವಿದೆ. ಸಂತೆಯ ದಿನ 200 ರೊಟ್ಟಿ ಮಾರಿತೆಂದರೆ ಬೇಡಿಕೆಯು 200 ಎಂದು ಅರ್ಥವಲ್ಲ. ಬುಟ್ಟಿಯಲ್ಲಿದ್ದದ್ದೇ ಅಷ್ಟು! ಸಿಗದೆ ಹೋದ ಗಿರಾಕಿಯ ಹೆಸರು ಯಾವ ಕಿರ್ದಿಯಲ್ಲಿಯೂ ಜಮೆಯಾಗುವುದಿಲ್ಲ. ಆದುದರಿಂದ ರೊಟ್ಟಿ ಎಷ್ಟು ಹೊತ್ತಿಗೆ ತೀರಿತು, ಆಮೇಲೆ ಬಂದವರು ಎಷ್ಟು ಕೇಳಿದರು ಎಂಬುದಕ್ಕೂ ಒಂದು ಅಂಕಣವನ್ನು ಗೆರೆಯೆಳೆದು ಮಾಡಬೇಕು. ಎಂಟು ವಾರ ಹೀಗೆ ಬರೆದಾಗ, ಸಂತೆಗೆ ಸರಾಸರಿ ಇನ್ನೂ 80 ರೊಟ್ಟಿಗೆ ಬೇಡಿಕೆಯಿತ್ತೆಂದು ತಿಳಿದುಬಂದಿತೆನ್ನೋಣ. ಆಗ ಆರು ದಿನ 160, ಸಂತೆಯ ದಿನ 280 ಮಾಡಿದರೆ ವಾರಕ್ಕೆ 1,240 ಆಯಿತು. ಮೊದಲಿಗಿಂತ 160 ರೊಟ್ಟಿ ಕಡಿಮೆ ಬಡಿದು 80 ರೊಟ್ಟಿ ಹೆಚ್ಚು ಮಾರಿದಂತಾಯಿತು! ಕೊರತೆಯು ವಾರಕ್ಕೆ ಒಂದೇ ದಿನದ್ದಾದ್ದರಿಂದ ಯಂತ್ರವು ಆರು ದಿನ ಸುಮ್ಮನೆ ಕೂಡ್ರುತ್ತಿತ್ತು. ಸಂತೆಯ ಬೆಳಿಗ್ಗೆ ಇನ್ನಿಬ್ಬರನ್ನು ಕೂಲಿಗೆ ಕರೆದರೆ ಸಾಕು. ಬಂಗಾರವು ಕೊರಳಿನಲ್ಲಿಯೇ ಉಳಿಯಿತು. ಮುಂದೆ ಉಳಿದ ದಿನಗಳ ಬೇಡಿಕೆಯೂ ಬೆಳೆದರೆ, ಯಂತ್ರದ ಮಾತನ್ನು ಅದೇ ಪುಸ್ತಕವೇ ಎತ್ತುವುದು.

ಇದೇ ಹೆಂಗಸರು ರೊಟ್ಟಿಯ ಸಂಗಡ ಕೆಂಪು ಚಟ್ನಿಯನ್ನೂ ಮಾರಬೇಕೆಂದರೆ ಮೆಣಸಿನಕಾಯಿಯ ಧಾರಣೆಯನ್ನು ತಿಳಿಯಬೇಕು. ಬ್ಯಾಡಗಿಯಂತಹ ಪೇಟೆಗಳ ಧಾರಣೆಗಳು ಈಗ ಮೊಬೈಲಿನಲ್ಲಿಯೂ ದೊರೆಯುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬೆಲೆಗಳಿರುತ್ತವೆ. ಹೆಚ್ಚು ಮಾಲು ಯಾವ ಬೆಲೆಗೆ ಮಾರಿತೋ ಅದೇ ಮಾದರಿ ಬೆಲೆ. ಸಮತೂಕದ ಹತ್ತು ಚೀಲಗಳಲ್ಲಿ ಎಂಟು ಚೀಲಗಳು ಕ್ವಿಂಟಾಲಿಗೆ 20,000 ರೂಪಾಯಿಯಂತೆಯೂ, ಒಂದು ಕಳಪೆ ಚೀಲವು 12,000ದಂತೆಯೂ, ಒಂದು ಅತ್ಯುತ್ತಮ ಚೀಲವು 48,000ದಂತೆಯೂ ಮಾರಿದವೆಂದು ತಿಳಿಯಿರಿ. ಸರಾಸರಿಯು 22,000; ಆದರೆ ಆ ಬೆಲೆಗೆ ಒಂದು ಚೀಲವೂ ಮಾರಿಲ್ಲ! ಗರಿಷ್ಠ ಬೆಲೆಯನ್ನು ಕೇಳಿ ರೈತನು ಹಿಗ್ಗಬಾರದು, ಕನಿಷ್ಠ ಬೆಲೆಯನ್ನು ಕೇಳಿ ಕೊಳ್ಳುವವಳು ಆಸೆಪಡಬಾರದು. ತನ್ನ ಮಾಲು ಯಾವ ದರ್ಜೆಯದೆಂದು ನೋಡಿ ಹೋಲಿಸಬೇಕು.

ಉದ್ರಿಯ ವಿಷಯದಲ್ಲಿಯೂ ಒಂದು ಮಾತು. ತಿಂಗಳ ಮಾರಾಟ 40,000 ರೂಪಾಯಿ, ರೋಖ ಖರ್ಚು 32,000 ಎಂದರೆ 8,000 ಲಾಭವೆಂದು ಮನಸ್ಸು ಕುಣಿಯುತ್ತದೆ. ಆದರೆ ಮಾರಾಟದಲ್ಲಿ 9,000 ಉದ್ರಿಯಾಗಿದ್ದರೆ ಕೈಗೆ ಬಂದದ್ದು 31,000 ಮಾತ್ರ. ಪುಸ್ತಕದಲ್ಲಿ ಲಾಭವಿದ್ದರೂ ಪೆಟ್ಟಿಗೆಯಲ್ಲಿ 1,000 ಕೊರತೆ. ಎಷ್ಟೋ ಅಂಗಡಿಗಳು ಮುಚ್ಚಿದ್ದು ಗಿರಾಕಿಗಳಿಲ್ಲದೆ ಅಲ್ಲ, ಈ ವ್ಯತ್ಯಾಸವನ್ನು ಕಾಣದೆ. ಆದುದರಿಂದ ಲಾಭದ ಲೆಕ್ಕವೇ ಬೇರೆ, ಶಿಲ್ಕಿನ ಲೆಕ್ಕವೇ ಬೇರೆ ಎಂದು ತಿಳಿಯತಕ್ಕದ್ದು.

ಅಂಕೆಗಳು ಹೆಂಗಸರ ಕೆಲಸವಲ್ಲವೆನ್ನುವವರಿಗೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಒಂದು ದೃಷ್ಟಾಂತ ಸಾಕು. ದೀಪವನ್ನು ಹಿಡಿದು ರೋಗಿಗಳ ಶುಶ್ರೂಷೆ ಮಾಡಿದವರೆಂದು ಅವರನ್ನು ಎಲ್ಲರೂ ಬಲ್ಲರು. ಕ್ರಿಮಿಯಾ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸಿಪಾಯಿಗಳಲ್ಲಿ ಬಹುಮಂದಿ ಗಾಯಗಳಿಂದಲ್ಲ, ತಡೆಯಬಹುದಾದ ರೋಗಗಳಿಂದ ಸತ್ತರೆಂಬುದನ್ನು ಅವರು 1858ರಲ್ಲಿ ಬಣ್ಣದ ನಕ್ಷೆಗಳ ಮೂಲಕ ತೋರಿಸಿಕೊಟ್ಟರೆಂಬುದು ಎಲ್ಲರಿಗೂ ತಿಳಿದಿಲ್ಲ. ಸೈನಿಕರ ಆರೋಗ್ಯಸುಧಾರಣೆಗಾಗಿ ಅವರು ನಡೆಸಿದ ಹೋರಾಟಕ್ಕೆ ಆ ಅಂಕೆಗಳೇ ಬಲವಾದವು. ಕರುಣೆಗೆ ಲೆಕ್ಕವು ಶತ್ರುವಲ್ಲ, ಅದರ ಕೈದೀಪ.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಮೊದಲನೆಯದಾಗಿ, ಯಾವ ನಿರ್ಧಾರಕ್ಕಾಗಿ ಬರೆಯುತ್ತಿದ್ದೇವೆಂಬ ಪ್ರಶ್ನೆಯು ಮುಂಚಿತವಾಗಿ ಸ್ಪಷ್ಟವಾಗಿರಲಿ. ಪ್ರಶ್ನೆಯಿಲ್ಲದ ಅಂಕೆಗಳು ಹಗೇವಿನಲ್ಲಿ ಮರೆತ ಜೋಳದಂತೆ. ಎರಡನೆಯದಾಗಿ, ಅಂದಂದಿನದನ್ನು ಅಂದೇ ಬರೆಯಿರಿ. ಕೆಡಕು ದಿನಗಳನ್ನೂ ಬಿಡಬೇಡಿರಿ. ಇತರರಿಗೆ ಸುಳ್ಳು ಲೆಕ್ಕ ತೋರಿಸುವುದು ಅಪರಾಧವಾದರೆ, ತನಗೆ ತಾನೇ ತೋರಿಸಿಕೊಳ್ಳುವುದು ಮೂರ್ಖತನ. ಮೂರನೆಯದಾಗಿ, ಜಾತ್ರೆ, ಮದುವೆ, ಮಳೆಗಳಂತಹ ವಿಶೇಷಗಳನ್ನು ಬದಿಯಲ್ಲಿ ಗುರುತಿಸಿರಿ. ಒಂದೇ ವಾರವನ್ನು ನೋಡಿ ತೀರ್ಮಾನಕ್ಕೆ ಬರಬೇಡಿರಿ. ನಾಲ್ಕನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲವು ವಾರ ಕಾದು, ಹಿಂದಿನದರೊಡನೆ ಹೋಲಿಸಿರಿ. ಐದನೆಯದಾಗಿ, ಏನಾಯಿತೆಂಬುದನ್ನು ಅಂಕೆಯು ಹೇಳಬಲ್ಲದು. ಏಕೆ ಆಯಿತೆಂಬುದನ್ನು ಗಿರಾಕಿಯನ್ನೇ ಕೇಳಬೇಕು. ರೊಟ್ಟಿ ಉಳಿದದ್ದು ಬೆಲೆಯಿಂದಲೋ ಉಪ್ಪು ಹೆಚ್ಚಾದುದರಿಂದಲೋ ಎಂಬುದು ಕಿರ್ದಿಗೆ ತಿಳಿಯದು.

ಪಾಲಕರೇ, ನಿಮ್ಮ ಮಗಳ ಕೈಗೆ ಮನೆಯ ಒಂದು ತಿಂಗಳ ಖರ್ಚಿನ ಲೆಕ್ಕವನ್ನು ಒಪ್ಪಿಸಿರಿ. ತಿಂಗಳ ಕೊನೆಗೆ “ಎಷ್ಟು ಖರ್ಚಾಯಿತು?” ಎಂದಷ್ಟೇ ಕೇಳಬೇಡಿರಿ, “ಬರುವ ತಿಂಗಳು ಏನನ್ನು ಬದಲಿಸೋಣ ತಾಯಿ?” ಎಂದು ಕೇಳಿರಿ. ಅವಳು ಪುಸ್ತಕವನ್ನು ನೋಡಿ ಉತ್ತರ ಕೊಟ್ಟ ದಿನ, ಎರಡು ನಳಗಳ ಆ ಹಳೆಯ ಲೆಕ್ಕವೂ ಸಾರ್ಥಕವಾಯಿತೆಂದು ತಿಳಿಯಿರಿ.