ನಿವೇಶನ ಮಾರಾಟದ ತಾತ್ಕಾಲಿಕ ಫಲಕಗಳು: ವರ್ತಕರು ಅರಿಯಬೇಕಾದ ನಿಯಮಗಳು

ಅಫಜಲಪುರ ತಾಲ್ಲೂಕಿನ ಗಡಿಗ್ರಾಮ ಮಣ್ಣೂರದ ಅಂಗಡಿಯೊಂದರ ಗೋಡೆಗೆ ಕಲಬುರಗಿಯ ಅಥವಾ ಸೊಲ್ಲಾಪುರದ ಬಡಾವಣೆಯ ಫಲಕ ತೂಗಿದರೆ ಅದಕ್ಕೆ ಯಾವ ನಿಯಮ ಅನ್ವಯಿಸುತ್ತದೆ?

ರೇರಾ ಎಂದು ಪರಿಚಿತವಾದ 2016ರ ಅಧಿನಿಯಮವು ಫಲಕವಿರುವ ಊರನ್ನಲ್ಲ, ಮಾರಾಟಕ್ಕಿರುವ ಭೂಮಿಯನ್ನು ನೋಡುತ್ತದೆ. ನಗರ ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್, ಅಂದರೆ ಸುಮಾರು 5 ಗುಂಟೆ ಮೀರಿದ ಬಡಾವಣೆಯನ್ನು ನೋಂದಣಿಯಿಲ್ಲದೆ ಪ್ರಚಾರ ಮಾಡುವಂತಿಲ್ಲ. ಎರಡೇ ದಿನದ ಫಲಕವೆಂಬ ಸಬೂಬು ನಡೆಯದು; ದಂಡವು ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ಇದೆ. ಫಲಕದಲ್ಲಿ ನೋಂದಣಿ ಸಂಖ್ಯೆಯೂ ಪ್ರಾಧಿಕಾರದ ಜಾಲತಾಣದ ವಿಳಾಸವೂ ಕಾಣಬೇಕು. ಸೊಲ್ಲಾಪುರದ ಬಡಾವಣೆಗಾದರೆ ಮಹಾರಾಷ್ಟ್ರ ಪ್ರಾಧಿಕಾರದ ಸಂಖ್ಯೆ ಬೇಕು. 2023ರ ಆಗಸ್ಟ್ 1ರಿಂದ ಕ್ಯೂಆರ್ ಕೋಡ್ ಸಹ ಕಡ್ಡಾಯ.

'ಎನ್.ಎ. ಆಗಿದೆ' ಎಂಬ ಬರಹವೊಂದೇ ಸಾಕೆಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಅದು ಭೂಮಿ ಕೃಷಿಯೇತರವಾದುದನ್ನು ಹೇಳುತ್ತದೆಯೇ ಹೊರತು ನೋಂದಣಿಗೆ ಬದಲಿಯಲ್ಲ. ಗೋದಾಮಿನ ನಿವೇಶನಕ್ಕೆಂದು ಮುಂಗಡ ಕೊಟ್ಟ ವರ್ತಕನು, ಜಾಹೀರಾತಿನ ಮಾತು ಸುಳ್ಳಾಗಿ ನಷ್ಟವಾದರೆ, 12ನೆಯ ಪ್ರಕರಣದನ್ವಯ ಪರಿಹಾರ ಕೇಳಬಹುದು. ವ್ಯವಹಾರದಿಂದ ಹಿಂದೆ ಸರಿದರೆ ಬಡ್ಡಿಸಹಿತ ಹಣ ಮರಳಿ ಪಡೆಯಬಹುದು. ಆದುದರಿಂದ ಫಲಕದ ಛಾಯಾಚಿತ್ರವನ್ನು ರಸೀದಿಯೊಂದಿಗೆ ಕಾಪಾಡಿಕೊಳ್ಳುವುದು ಲೇಸು.

ಫಲಕದ ವಸ್ತುವಿಗೆ ಮಾತ್ರ ಅದನ್ನು ತೂಗಿದ ಊರಿನ ನಿಯಮವೇ ಸಲ್ಲುತ್ತದೆ. ಕರ್ನಾಟಕದಲ್ಲಿ 2016ರ ಮಾರ್ಚ್ 11ರ ಅಧಿಸೂಚನೆಯು ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದೆ; ಬಟ್ಟೆ ಅಥವಾ ತಗಡಿನ ಫಲಕವನ್ನೇ ಬರೆಸಬೇಕು.