ಒತ್ತಿದರೆ ನುಡಿಯುತ್ತದೆ, ಮೋಸ ಇರುವುದೇ ಅಲ್ಲಿ: ಪೇಟಿ ಕಲಿಯಲು ಎಂಟು ಸೂತ್ರ

ವಿಜಯಪುರ ಜಿಲ್ಲೆಯ ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದ ಕಡೆ ಪಿಯಾನೋ ಮಾಸ್ತರರನ್ನು ಹುಡುಕುವುದು ಕಷ್ಟ, ಪೇಟಿ (ಹಾರ್ಮೋನಿಯಂ) ಮಾಸ್ತರರು ಸಿಕ್ಕಾರು. ಪಿಯಾನೋದಲ್ಲಿರುವ ಕಪ್ಪು–ಬಿಳಿ ಮನೆಗಳೇ ಪೇಟಿಯಲ್ಲೂ ಇವೆ. ಪಿಟೀಲಿನ ಹಾಗೆ ಸ್ವರವನ್ನು ತಡಕಾಡಬೇಕಿಲ್ಲ, ಒತ್ತಿದರೆ ಸಾಕು. ಹೀಗಾಗಿಯೇ ಬೆರಳು ಓಡುತ್ತದೆ, ಕಿವಿ ಹಿಂದೆ ಉಳಿಯುತ್ತದೆ. ಮಗು ಕಲಿಯಲಿ, ಅಜ್ಜ ಕಲಿಯಲಿ, ಕಿವಿಯನ್ನು ಮುಂದೆ ಬಿಡುವುದೇ ಗುಟ್ಟು.

1. ಹಾಡಿಸುವ ಗುರುವನ್ನು ಹಿಡಿಯಿರಿ. ಸೇರುವ ಮೊದಲು ಒಂದು ಪಾಠ ಕೂತು ನೋಡಿ. ‘ಮೊದಲು ಬಾಯಿಲೆ ಹೇಳು, ಆಮೇಲೆ ಬಾರಿಸು’ ಎನ್ನುವ ಮಾಸ್ತರರಿದ್ದರೆ ಮರುದಿನವೇ ಸೇರಿಕೊಳ್ಳಿ. ಮೊದಲ ತಿಂಗಳಲ್ಲೇ ಸಿನಿಮಾ ಹಾಡು ಬಾರಿಸಲು ಕಲಿಸುತ್ತೇನೆ ಎನ್ನುವವರ ಬಳಿ ಅವಸರ ಬೇಡ.

2. ನಿಮ್ಮ ‘ಸಾ’ ಎಲ್ಲಿದೆ, ಗೊತ್ತು ಮಾಡಿಕೊಳ್ಳಿ. ಬಿಳಿ 1ರಲ್ಲಿ, ಅಂದರೆ ಜೋಡಿ ಕಪ್ಪು ಮನೆಗಳ ಎಡಕ್ಕಿರುವ ಬಿಳಿ ಮನೆಯಲ್ಲಿ, ಸಾ ಇಟ್ಟರೆ ಶುದ್ಧ ಸ್ವರಗಳೆಲ್ಲ ಬಿಳಿ ಮನೆಗಳಲ್ಲೇ ಸಿಗುತ್ತವೆ. ಅಷ್ಟಕ್ಕೇ ನಿಂತವರು ಹಾಡುವವರ ಶ್ರುತಿ ಬದಲಾದ ಕೂಡಲೇ ಕಂಗಾಲು. ಬಿಳಿ 1ರ ಪಕ್ಕದ ಕಪ್ಪು 1ಕ್ಕೆ ಬನ್ನಿ: ಸಾ, ರಿ ಕಪ್ಪು, ಗ ಬಿಳಿ, ಮ, ಪ, ದ ಮೂರೂ ಕಪ್ಪು, ನಿ ಮತ್ತೆ ಬಿಳಿ. ಒಂದೇ ಪಲ್ಟಾವನ್ನು (ಸ್ವರಾಭ್ಯಾಸದ ಸಾಲನ್ನು) ಎರಡೂ ಶ್ರುತಿಯಲ್ಲಿ ಬಾರಿಸಿ ರೂಢಿ ಮಾಡಿಕೊಳ್ಳಿ.

3. ಎಡಗೈಗೂ ಪಾಠ ಬೇಕು. ತಿದಿಯನ್ನು ಜೋರಾಗಿ ಎಳೆದು ಬಿಟ್ಟರೆ ಸ್ವರ ಒಮ್ಮೆ ಉಬ್ಬುತ್ತದೆ, ಒಮ್ಮೆ ಸೊರಗುತ್ತದೆ. ಸಾ ಒಂದನ್ನೇ ಹಿಡಿದು, ತೀನ್ ತಾಲದ ಹದಿನಾರು ಮಾತ್ರೆ ಮುಗಿಯುವ ತನಕ ದನಿ ಏರಿಳಿಯದಂತೆ ತಿದಿ ಒತ್ತಿ. ಇದು ಕೈಗೆ ಹತ್ತುವ ತನಕ ಬೇರೆ ಪಾಠ ಕೇಳಬೇಡಿ.

4. ಹೆಬ್ಬೆರಳನ್ನು ಕೆಲಸಕ್ಕೆ ಹಚ್ಚಿ. ಬಿಳಿ 1ರಿಂದ ಏರುವಾಗ ಹೆಬ್ಬೆರಳು, ತೋರುಬೆರಳು, ನಡುಬೆರಳಿನಿಂದ ಸಾ ರಿ ಗ; ‘ಮ’ ಬರುವಾಗ ಹೆಬ್ಬೆರಳು ಉಳಿದ ಬೆರಳುಗಳ ಕೆಳಗಿನಿಂದ ದಾಟಬೇಕು. ಪಿಯಾನೋ ಕಲಿಯುವವರೂ ಇದನ್ನೇ ಕಲಿಯುತ್ತಾರೆ. ನಿಧಾನವಾಗಿ ದಾಟಲು ಬಾರದ ಕೈ ವೇಗದಲ್ಲಿ ಎಡವುತ್ತದೆ.

5. ಮನೆಗಳನ್ನು ನೋಡುವುದು ಬಿಡಿ. ಗದಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದ ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅಂಧರೇ. ಪೇಟಿಯಲ್ಲಿ ದೊಡ್ಡ ಹೆಸರು. ಆ ಆಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳು ಸಂಗೀತ ಕಲಿತು ಬದುಕು ಕಟ್ಟಿಕೊಂಡರು. ದಿನಕ್ಕೆ ಐದು ನಿಮಿಷ ಕಣ್ಣು ಮುಚ್ಚಿ ಬಾರಿಸಿ. ತಪ್ಪನ್ನು ಕಿವಿಯೇ ಹಿಡಿಯುತ್ತದೆ.

6. ವಾರದ ಪಾಠವಲ್ಲ, ದಿನದ ರಿಯಾಜು ಕಲಿಸುತ್ತದೆ. ಭಾನುವಾರ ಎರಡು ತಾಸು ಬಾರಿಸುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು. ದ್ರಾಕ್ಷಿ ಬಳ್ಳಿಯ ಚಾಟ್ನಿ, ಕಬ್ಬಿನ ಕಟಾವು, ಮಕ್ಕಳ ಪರೀಕ್ಷೆ ಬಂದಾಗ ಹತ್ತೇ ನಿಮಿಷ ಆದರೂ ಸರಿ, ಪೂರ್ತಿ ಬಿಡಬೇಡಿ. ತಪ್ಪಿದ ಜಾಗ ಒಂದನ್ನೇ ಹಿಡಿದು ತಿದ್ದಿ; ಬರುವ ಹಾಡನ್ನೇ ಮತ್ತೆ ಮತ್ತೆ ಬಾರಿಸಿದರೆ ಹೊತ್ತು ಹೋಗುತ್ತದೆ, ವಿದ್ಯೆ ಬರುವುದಿಲ್ಲ.

7. ವಯಸ್ಸು ನೋಡಿ ಪಾಠ, ಪರೀಕ್ಷಿಸಿ ಪೇಟಿ. ತಿದಿಗೆ ಕೈ ಎಟುಕದ ಮಗು ಸದ್ಯ ಹಾಡಲಿ, ತಾಳ ಹಾಕಲಿ. ತಿದಿಯನ್ನು ಮಾಸ್ತರರೇ ಒತ್ತಲಿ. ದೊಡ್ಡವರ ಬೆರಳು ಪೆಡಸು, ಆದರೆ ವಚನ, ದಾಸರ ಪದ ಬಾಯಿಗೆ ಬರುತ್ತವೆ. ಗೊತ್ತಿದ್ದ ಹಾಡಿನ ಒಂದು ಸಾಲನ್ನು ತಾವೇ ಪೇಟಿಯಲ್ಲಿ ಹುಡುಕಲಿ. ಕೊಳ್ಳುವಾಗ ಸ್ಟಾಪರ್‌ಗಳನ್ನೆಲ್ಲ ಮುಚ್ಚಿ ಗಾಳಿ ತುಂಬಿ. ತಿದಿ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಬೆರಳು ಪಳಗುತ್ತದೆ, ತಿದಿಯ ಹದ ಬರುವುದಿಲ್ಲ.

8. ಬೇಗ ಹಾಡುವವರಿಗೆ ಸಾಥ್ ಕೊಡಲು ಕೂಡಿ. ಸಾಥ್ ಕೊಡುವಾಗ ಪೇಟಿಗೆ ಒಂದು ಕೊರತೆ ಇದೆ: ಅದರಲ್ಲಿ ಮೀಂಡ್ ಬರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಅದಕ್ಕೆ ದಾರಿಯಿಲ್ಲ. ಇಂಥ ಆಕ್ಷೇಪಗಳಿಂದಲೇ ಆಕಾಶವಾಣಿ 1940ರಿಂದ 1971ರ ತನಕ ಅದನ್ನು ದೂರ ಇಟ್ಟಿತ್ತು. ಆದರೂ ಬೆಳಗಾವಿಯ ರಾಮಭಾವು ವಿಜಾಪುರೆ (1917–2010) ಅವರಂಥವರು ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟು, ಶಿಷ್ಯರನ್ನೂ ಬೆಳೆಸಿ, ಪೇಟಿಗೆ ಮಾನ ತಂದರು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆ ಕಟ್ಟಿ, ಶಿಸ್ತು ಬರುತ್ತದೆ. ಅದರ ಜೊತೆಗೆ ಊರ ಭಜನಾ ಮಂಡಳಿಯಲ್ಲಿ ಹಿಂದಿನ ಸಾಲಿನಲ್ಲಾದರೂ ಕೂಡಿ. ಮೊದಲು ಬರೀ ಸಾ ಹಿಡಿಯಿರಿ, ನಂತರ ಪಲ್ಲವಿ, ಆಮೇಲೆ ಚರಣ. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನಿಮ್ಮ ಕೈ ತಾನಾಗಿ ಸಾಲು ತುಂಬಿಕೊಟ್ಟರೆ, ಮಾಸ್ತರರಿಗೆ ಕೊಟ್ಟ ಫೀಸು ವಸೂಲಾಯಿತು ಎನ್ನಿ.