ಲಜ್ಜೆ ಬೇರೆ, ಮೌನ ಬೇರೆ

ಕೆಲವು ವರ್ಷಗಳ ಹಿಂದೆ ನನ್ನ ಮದ್ರಸದ ವಿದ್ಯಾರ್ಥಿಯೊಬ್ಬ ಇದ್ದಕ್ಕಿದ್ದಂತೆ ಸುಬ್‌ಹ್ ನಮಾಝಿಗೆ ಬರುವುದನ್ನು ನಿಲ್ಲಿಸಿದ. ಹದಿನಾಲ್ಕರ ಹುಡುಗ, ಕಲಿಕೆಯಲ್ಲಿ ಚುರುಕು. ಕುರ್‌ಆನ್ ಮುಟ್ಟಲೂ ಹಿಂಜರಿಯುತ್ತಿದ್ದ. ಒಂದು ದಿನ ಎಲ್ಲರೂ ಹೋದ ಮೇಲೆ ಬಾಗಿಲ ಬಳಿ ನಿಂತು, "ಉಸ್ತಾದ್, ನನಗೆ ಏನೋ ಕಾಯಿಲೆ ಇದೆ" ಎಂದ. ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುವುದನ್ನು ಅವನು ರೋಗವೆಂದು ತಿಳಿದಿದ್ದ. ಬಸ್ ನಿಲ್ದಾಣದ ಗೋಡೆಯ ಮೇಲಿನ 'ಗುಪ್ತರೋಗ'ದ ಜಾಹೀರಾತನ್ನು ನಂಬಿ, ಮನೆಯವರಿಗೆ ತಿಳಿಯದಂತೆ ಹಣ ಕೂಡಿಸಿ, ಯಾವುದೋ ಪುಡಿಯನ್ನು ತಂದು ನುಂಗಿದ್ದ. ತಂದೆ ಗಲ್ಫ್‌ನಲ್ಲಿದ್ದರು. ಉಮ್ಮನೊಡನೆ ಹೇಳಲು ನಾಚಿಕೆ.

ಅದು ಕಾಯಿಲೆಯಲ್ಲ, ಪ್ರಾಯಕ್ಕೆ ಬಂದುದರ ಲಕ್ಷಣ. ಸ್ನಾನ ಮಾಡಿ ನಮಾಝ್ ನಿರ್ವಹಿಸಿದರಾಯಿತು ಎಂದು ಹೇಳಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಕೆಂದರೆ ಸ್ನಾನ ಕಡ್ಡಾಯವಾಗುವ ಕಾರಣಗಳನ್ನು ಅವನಿಗೆ ಕಲಿಸಿದವನು ನಾನೇ. ಅವನು ಎಲ್ಲವನ್ನೂ ಬಾಯಿಪಾಠ ಒಪ್ಪಿಸಿದ್ದ. ಆ ಅರಬಿ ಪದಗಳ ಅರ್ಥವನ್ನು ಬಿಡಿಸಿ ಹೇಳಲು ನಾಚಿ, ನಾನು ಪುಟ ಮಗುಚಿದ್ದೆ. ನನ್ನ ಆ ನಾಚಿಕೆಯೇ ಆ ಮಗುವನ್ನು ನಮಾಝಿನಿಂದ ದೂರವಿಟ್ಟಿತು.

ಪ್ರಿಯ ಓದುಗರೇ, ಲಜ್ಜೆಯು ಈಮಾನಿನ ಒಂದು ಶಾಖೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಳಿಸಬೇಕಾದುದನ್ನು ಅಡಗಿಸಿಡುವುದು ಲಜ್ಜೆಯೇ?

ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ

ಹ. ಉಮ್ಮು ಸುಲೈಮ್(ರ) ಪ್ರವಾದಿವರ್ಯರ(ಸ) ಬಳಿಗೆ ಬಂದು, ಸತ್ಯದ ವಿಷಯದಲ್ಲಿ ಅಲ್ಲಾಹನು ಸಂಕೋಚ ಪಡುವುದಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಂಡು, ಸ್ವಪ್ನಸ್ಖಲನವಾದರೆ ಸ್ತ್ರೀಯೂ ಸ್ನಾನ ಮಾಡಬೇಕೇ ಎಂದು ಕೇಳಿದರು. ಅಲ್ಲಿದ್ದ ಹ. ಉಮ್ಮು ಸಲಮಾ(ರ) ನಾಚಿ ಮುಖ ಮುಚ್ಚಿಕೊಂಡರು. ಪ್ರವಾದಿವರ್ಯರು(ಸ) ಗದರಲಿಲ್ಲ, ನೇರವಾಗಿ ಉತ್ತರಿಸಿದರು. ಧರ್ಮವನ್ನು ಅರಿಯಲು ಲಜ್ಜೆ ಅಡ್ಡಿಯಾಗದ ಅನ್ಸಾರಿ ಸ್ತ್ರೀಯರನ್ನು ಹ. ಆಯಿಶಾ(ರ) ಹೊಗಳಿದ್ದಾರೆ. ಋತುಸ್ರಾವದ ಕುರಿತು ಜನರು ಕೇಳಿದ ಪ್ರಶ್ನೆಗೆ ಸೂರಃ ಅಲ್ ಬಕರದಲ್ಲಿಯೇ ಉತ್ತರ ಅವತೀರ್ಣವಾಯಿತು. ಆದರೆ ನಮ್ಮ ಮನೆಗಳಲ್ಲೇನಾಗುತ್ತಿದೆ? ರಮಝಾನಿನಲ್ಲಿ ಉಪವಾಸದ ವಿನಾಯಿತಿಯಿರುವ ಹೆಣ್ಣುಮಗಳು ಅಣ್ಣತಮ್ಮಂದಿರ ಕಣ್ತಪ್ಪಿಸಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನೀರು ಕುಡಿಯುತ್ತಾಳೆ.

ಇನ್ನೊಂದು ಘಟನೆಯನ್ನು ನೋಡಿ. ಯುವಕನೊಬ್ಬ ಬಂದು ವ್ಯಭಿಚಾರಕ್ಕೆ ಅನುಮತಿ ಕೇಳಿದ. ನೆರೆದಿದ್ದವರು ಅವನ ಮೇಲೆ ಹರಿಹಾಯ್ದರು. ಪ್ರವಾದಿವರ್ಯರು(ಸ) ಅವನನ್ನು ಹತ್ತಿರ ಕರೆದು ಕುಳ್ಳಿರಿಸಿ, ನಿನ್ನ ತಾಯಿ, ಮಗಳು, ಸೋದರಿಯರ ವಿಷಯದಲ್ಲಿ ಇದನ್ನು ನೀನು ಒಪ್ಪುವೆಯಾ ಎಂದು ಒಂದೊಂದಾಗಿ ಕೇಳಿದರು. ಬಳಿಕ ಅವನ ಮೇಲೆ ಕೈಯಿಟ್ಟು ಅವನ ಹೃದಯಶುದ್ಧಿಗಾಗಿ, ಶೀಲರಕ್ಷಣೆಗಾಗಿ ಪ್ರಾರ್ಥಿಸಿದರು. ಅವನು ಆ ಕಡೆಗೆ ಮತ್ತೆ ತಿರುಗಿ ನೋಡಲಿಲ್ಲ. ನಮ್ಮ ಮಗ ಇಂತಹ ಪ್ರಶ್ನೆಯ ನೂರರಲ್ಲೊಂದು ಪಾಲನ್ನು ಕೇಳಿದರೂ ನಮ್ಮ ಕೈ ಏನು ಮಾಡೀತು ಎಂದು ಯೋಚಿಸಿರಿ.

ಮೌನದ ಬೆಲೆ

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆಂಬ ಭಯ ಅನೇಕರಿಗಿದೆ. ಅನುಭವವಾಗಲಿ ಅಧ್ಯಯನವಾಗಲಿ ಇದನ್ನು ಸಮರ್ಥಿಸುವುದಿಲ್ಲ. ಲೈಂಗಿಕ ಶಿಕ್ಷಣದಿಂದ ಯುವಜನರು ಬೇಗನೆ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲವೆಂದು ಯುನೆಸ್ಕೋ 2018ರ ತನ್ನ ಮಾರ್ಗದರ್ಶಿಯಲ್ಲಿ ತಿಳಿಸಿದೆ. ಮೂವತ್ತು ವರ್ಷಗಳ ಅವಧಿಯಲ್ಲಿ 25 ಸಾವಿರಕ್ಕೂ ಹೆಚ್ಚು ಹದಿಹರೆಯದವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದು 2016ರಲ್ಲಿ ಅಮೇರಿಕದಲ್ಲಿ ಪ್ರಕಟವಾಯಿತು. ಹೆತ್ತವರೊಡನೆ ಈ ವಿಷಯ ಮಾತನಾಡಿದ ಮಕ್ಕಳು ರೋಗ ಮತ್ತು ಅಕಾಲ ಗರ್ಭದ ಅಪಾಯದಿಂದ ರಕ್ಷಿಸಿಕೊಳ್ಳುವುದರಲ್ಲಿ ಹೆಚ್ಚು ಎಚ್ಚರದಿಂದಿರುತ್ತಾರೆಂದು ಅದರಲ್ಲಿ ಕಂಡುಬಂತು. ವ್ಯತ್ಯಾಸ ದೊಡ್ಡದಲ್ಲ, ಆದರೆ ಸ್ಪಷ್ಟವಾಗಿತ್ತು. ಹೆಣ್ಣುಮಕ್ಕಳಲ್ಲಿ, ವಿಶೇಷವಾಗಿ ತಾಯಿಯೊಡನೆ ಮಾತನಾಡಿದಾಗ, ಅದು ಹೆಚ್ಚಾಗಿತ್ತು.

ಆ ಸಮಾಜ ಬೇರೆ, ನಮ್ಮದು ಬೇರೆ ಎನ್ನಬಹುದು. ನಿಜ. ವಿವಾಹದ ಹೊರಗಿನ ಸಂಬಂಧ ನಮ್ಮಲ್ಲಿ ಹರಾಮ್. ಆದರೆ ಹರಾಮ್ ಎಂದಷ್ಟೇ ಹೇಳಿ, ಯಾವುದು, ಏಕೆ ಎಂದು ಹೇಳದಿದ್ದರೆ ಮಗು ಆ ಉತ್ತರವನ್ನು ಹೊರಗೆ ಹುಡುಕುತ್ತದೆ. ಅಂದು ಗೋಡೆಯ ಜಾಹೀರಾತು ಉತ್ತರ ಕೊಟ್ಟಿತು. ಇಂದು ಕೈಯಲ್ಲಿರುವ ಮೊಬೈಲ್ ಅದಕ್ಕಿಂತ ಕೊಳಕಾದ ಉತ್ತರವನ್ನು ಕ್ಷಣದಲ್ಲಿ ಕೊಡುತ್ತದೆ. ಇದಕ್ಕಿಂತ ಭಯಂಕರವಾದುದು ಇನ್ನೊಂದಿದೆ. ಪರಿಚಿತನೇ ಕೈಹಾಕಿದಾಗ, ಅದನ್ನು ಹೇಳಲು ಮಗುವಿನ ಬಳಿ ಮಾತೇ ಇರುವುದಿಲ್ಲ. ಆ ಮಾತನ್ನು ನಾವು ಕಲಿಸಿಯೇ ಇಲ್ಲವಲ್ಲ!

ಮನೆಯಲ್ಲಿ ಆರಂಭ ಹೇಗೆ?

ದಾರಿಯನ್ನು ಕುರ್‌ಆನೇ ತೋರಿಸಿದೆ. ಸುಬ್‌ಹ್‌ಗೆ ಮೊದಲು, ಮಧ್ಯಾಹ್ನ ಉಡುಪು ಸಡಿಲಿಸುವಾಗ ಮತ್ತು ಇಶಾದ ಬಳಿಕ ಚಿಕ್ಕ ಮಕ್ಕಳೂ ಅನುಮತಿ ಕೇಳಿ ಒಳಗೆ ಬರಬೇಕೆಂದು ಸೂರಃ ಅನ್ನೂರ್ ಕಲಿಸುತ್ತದೆ. ಪ್ರಾಯಕ್ಕೆ ಬಂದವರು ಎಲ್ಲ ಹೊತ್ತಿನಲ್ಲೂ ಕೇಳಬೇಕು. ಹತ್ತು ವರ್ಷವಾದಾಗ ಹಾಸಿಗೆ ಪ್ರತ್ಯೇಕಿಸಬೇಕೆಂದು ಹದೀಸಿನಲ್ಲಿದೆ. ಈ ಎರಡು ಆದೇಶಗಳನ್ನು ಪಾಲಿಸುವಾಗ ಮಗು 'ಯಾಕೆ?' ಎಂದು ಕೇಳಿಯೇ ಕೇಳುತ್ತದೆ. ಅದೇ ಪಾಠದ ಆರಂಭ.

ಐದಾರು ವರ್ಷದ ಮಗುವಿಗೆ, ನಿನ್ನ ಗುಪ್ತಾಂಗಗಳನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಅದು ಯಾರೇ ಆಗಿರಲಿ, ನನಗಾಗಲಿ ನಿನ್ನ ಉಸ್ತಾದರಿಗಾಗಲಿ ಹೇಳು, ನಾನು ಬೈಯುವುದಿಲ್ಲ ಎಂದು ಹೇಳಿರಿ. ಉಸ್ತಾದರೇ ತಪ್ಪಿದರೂ ಹೇಳು ಎನ್ನಿರಿ. ಒಂಬತ್ತು ಹತ್ತರ ಹೊತ್ತಿಗೆ ಹೆಣ್ಣುಮಗಳಿಗೆ ಋತುಸ್ರಾವದ ಕುರಿತು, ಹನ್ನೊಂದು ಹನ್ನೆರಡರಲ್ಲಿ ಗಂಡುಮಗನಿಗೆ ಸ್ಖಲನ ಮತ್ತು ಸ್ನಾನದ ಕುರಿತು, ಅದು ಸಂಭವಿಸುವ ಮೊದಲೇ ತಿಳಿಸಿರಿ. ದೊಡ್ಡವರಾದಾಗ ವಿವಾಹ, ಸಂಯಮ, ಲೈಂಗಿಕ ರೋಗಗಳು, ಅವುಗಳಿಗೆ ವೈದ್ಯರಲ್ಲಿರುವ ಚಿಕಿತ್ಸೆ, ಇವೆಲ್ಲವನ್ನೂ ಹೇಳಿರಿ. ತಪ್ಪು ಮಾಡಿದವನಿಗೂ ಚಿಕಿತ್ಸೆಯ ಬಾಗಿಲು ತೆರೆದಿದೆ, ತೌಬಾದ ಬಾಗಿಲೂ ತೆರೆದಿದೆ ಎಂಬುದನ್ನು ಅವರು ನಿಮ್ಮ ಬಾಯಿಂದಲೇ ಕೇಳಬೇಕು.

ನಿಮಗೆ ಸಾಧ್ಯವೇ ಇಲ್ಲವೆನಿಸಿದರೆ ಇನ್ನೊಬ್ಬರ ಮೂಲಕ ಹೇಳಿಸಿರಿ. ಹ. ಅಲಿ(ರ) ಪ್ರವಾದಿವರ್ಯರ(ಸ) ಅಳಿಯನಾಗಿದ್ದುದರಿಂದ ಇಂತಹದೇ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಲು ನಾಚಿ, ಹ. ಮಿಕ್ದಾದ್(ರ) ಮುಖಾಂತರ ಕೇಳಿಸಿದರು. ನಾಚಿದರು, ಆದರೆ ವಿಷಯವನ್ನು ಬಿಡಲಿಲ್ಲ. ತಂದೆ ಪರದೇಶದಲ್ಲಿದ್ದರೆ ಸೋದರಮಾವ, ಅಣ್ಣ, ನಂಬಿಕೆಯ ಉಸ್ತಾದ್ ಅಥವಾ ವೈದ್ಯರು ಈ ಕೆಲಸ ಮಾಡಬಹುದು. ಮಗುವಿಗೆ ದೌರ್ಜನ್ಯವಾಗಿದ್ದರೆ ಮಾನದ ಹೆಸರಿನಲ್ಲಿ ಮುಚ್ಚಿಡಬೇಡಿರಿ. 2012ರ ಪೋಕ್ಸೋ ಕಾನೂನು 18 ವರ್ಷದೊಳಗಿನ ಪ್ರತಿಯೊಂದು ಮಗುವಿಗೂ ರಕ್ಷಣೆ ನೀಡುತ್ತದೆ. 1098ಕ್ಕೆ ಕರೆ ಮಾಡಿದರೆ ನೆರವು ಸಿಗುತ್ತದೆ.

ಮಗು ಮೊದಲ ಬಾರಿ ಕೇಳಿದಾಗ ನಿಮ್ಮ ಮುಖ ಹೇಗಾಯಿತು ಎಂಬುದನ್ನು ಅದು ಮರೆಯುವುದಿಲ್ಲ. ಎರಡನೆಯ ಪ್ರಶ್ನೆ ನಿಮ್ಮ ಬಳಿಗೆ ಬರುವುದೋ ಬೀದಿಗೆ ಹೋಗುವುದೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಆ ಪಾಠವನ್ನು ನಾನು ಈಗ ಪುಟ ಮಗುಚದೆ ಕಲಿಸುತ್ತೇನೆ. ಮಕ್ಕಳು ಮೊದಲು ಮುಸಿ ಮುಸಿ ನಗುತ್ತಾರೆ, ಬಳಿಕ ಗಮನವಿಟ್ಟು ಕೇಳುತ್ತಾರೆ. ನಮ್ಮ ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್ತು. ಅವರೊಡನೆ ಸತ್ಯವನ್ನು ಸಭ್ಯ ಮಾತಿನಲ್ಲಿ ಹೇಳುವ ಧೈರ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ, ಅವರ ಶೀಲವನ್ನೂ ಆರೋಗ್ಯವನ್ನೂ ಕಾಪಾಡಲಿ. ಆಮೀನ್.